ಹತ್ತನೆಯವನ ಲಕೋಟೆ

"ಸತ್ತಾಂವನ ಕುರ್ಚಿಮ್ಯಾಲೆ ಕುಂತಾಂವ ಪೂರಾ ಅಧ್ಯಕ್ಷ ಆಗ್ತಾನೋ, ಅರ್ಧಾ ಆಗ್ತಾನೋ?"

ನೀಲಮ್ಮ ಯಾರನ್ನೂ ಕೇಳಿದ್ದಲ್ಲ. ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಹಂಚಿನ ಮೇಲೆ ರೊಟ್ಟಿ ಹಾಕಿ, ಅದು ಉಬ್ಬುವುದನ್ನು ಕಾಯುತ್ತ ನಿಂತಿದ್ದಳು. ಮಾತು ತಾನಾಗಿ ಬಾಯಿಂದ ಬಿತ್ತು. ದುಬೈಯ ಡಿಸ್ಕವರಿ ಗಾರ್ಡನ್ಸ್‌ನ ಆ ಒಂದೇ ಬೆಡ್‌ರೂಮಿನ ಮನೆಯಲ್ಲಿ ಅಡುಗೆಮನೆಯ ಮಾತು ಅಡುಗೆಮನೆಯಲ್ಲೇ ಉಳಿಯುವ ಹಾಗಿಲ್ಲ. ಬೂಟಿನ ಲೇಸು ಕಟ್ಟುತ್ತಿದ್ದ ಗಂಡ ಸಿದ್ದಪ್ಪ ತಲೆಯೆತ್ತಿದ.

"ಮುಂಜಮುಂಜಾನೆ ಯಾರು ಸತ್ರು?"

"ಹ್ಯಾರಿಸನ್."

"ನಿಮ್ಮ ಲಾಂಡ್ರಿಯಾಂವೇನು?"

"ಅಮೆರಿಕಾದಾಂವ್ರಿ. ಅಲ್ಲಿ ಒಂಬತ್ತನೇ ಅಧ್ಯಕ್ಷ. ಸತ್ತು ನೂರಾ ಎಂಬತ್ತು ವರ್ಷದ ಮ್ಯಾಲಾತು."

"ಹಂಗಾರ ಇವತ್ತ ಮಣ್ಣಿಗೆ ಹೋಗೂದು ಬ್ಯಾಡ," ಎಂದು ಸಿದ್ದಪ್ಪ ಎರಡನೇ ಬೂಟಿಗೆ ಕೈ ಹಾಕಿದ. ಜೆಬೆಲ್ ಅಲಿಯಲ್ಲಿ ಎಲೆಕ್ಟ್ರಿಷಿಯನ್ ಕೆಲಸ ಅವನದು. ಸತ್ತ ತಂತಿ ಯಾವುದು, ಜೀವ ಇರುವ ತಂತಿ ಯಾವುದು ಅಂತ ತಿಳಿದರೆ ಅವನಿಗೆ ಸಾಕು.

ಈ ಹ್ಯಾರಿಸನ್ ಮನೆಯೊಳಗೆ ಬಂದದ್ದು ಮಗಳು ಸೃಷ್ಟಿಯ ದೆಸೆಯಿಂದ. ಎಂಟನೇ ಇಯತ್ತೆಯ ಹುಡುಗಿ. ಶಾಲೆಶಾಲೆಗಳ ನಡುವಿನ ಕ್ವಿಜ್ ಫೈನಲ್ಲಿಗೆ ಇವಳ ಶಾಲೆಯಿಂದ ಮೂವರು ಆರಿಸಿಬಂದಿದ್ದರು. ಒಬ್ಬೊಬ್ಬರಿಗೆ ಒಂದೊಂದು ವಿಷಯ, ಸೃಷ್ಟಿಯ ಪಾಲಿಗೆ ಅಮೆರಿಕದ ಅಧ್ಯಕ್ಷರು, ಉಪಾಧ್ಯಕ್ಷರು. ಒಂದು ತಿಂಗಳಿಂದ ಆ ಮನೆಯಲ್ಲಿ ಅವರದೇ ಓಡಾಟ. ಎಂಟನೆಯವನ ಮನೆಮಾತು ಇಂಗ್ಲಿಷಲ್ಲ, ಡಚ್ಚು. ಒಬ್ಬ ಉಪಾಧ್ಯಕ್ಷ ಕ್ಯೂಬಾದಲ್ಲಿ ರೋಗದಿಂದ ಮಲಗಿದ್ದಾಗಲೇ ಪ್ರಮಾಣವಚನ ತೊಗೊಂಡು, ಒಂದು ದಿನವೂ ಕೆಲಸಕ್ಕೆ ಹೋಗದೆ ತೀರಿಕೊಂಡ. ಫೋರ್ಡ್ ಎಂಬುವನು ಉಪಾಧ್ಯಕ್ಷನೂ ಆದ, ಅಧ್ಯಕ್ಷನೂ ಆದ, ಎರಡಕ್ಕೂ ಜನ ಆರಿಸಿದ್ದಲ್ಲ. ಸೃಷ್ಟಿ ಹಾಳೆ ಹಿಡಿದು ಗಟ್ಟಿಯಾಗಿ ಓದುತ್ತಿದ್ದಳು. ನೀಲಮ್ಮ ಹಿಟ್ಟು ನಾದುತ್ತ ಕೇಳುತ್ತಿದ್ದಳು.

ಕೇಳುವುದೇ ನೀಲಮ್ಮನ ವಿದ್ಯೆ. ಗುಳೇದಗುಡ್ಡದ ನೇಕಾರರ ಮನೆ. ಅಪ್ಪ ಮಗ್ಗದ ಮುಂದೆ ಕುಳಿತರೆ ಲಾಳಿಯ ಸದ್ದಿಗೆ ಸರಿಯಾಗಿ ವಚನ ಹೇಳುತ್ತಿದ್ದ. ಅಜ್ಜಿ ಬೀಸುಕಲ್ಲಿನ ಮುಂದೆ ತ್ರಿಪದಿ. ನಡುವೆ ಕೂತ ಹುಡುಗಿ ಬಾಯಿ ಬಿಡುತ್ತಿರಲಿಲ್ಲ, ಕಿವಿ ತುಂಬಿಕೊಳ್ಳುತ್ತಿದ್ದಳು. ವಚನದ ಕೊನೆಗೆ ಅಂಕಿತ ಬಂತೆಂದರೆ ಅಪ್ಪ ಲಾಳಿ ನಿಲ್ಲಿಸಿ, ಕೈ ಎದೆಗಿಟ್ಟು, ಆ ಹೆಸರನ್ನು ಪೂರ್ತಿ ಹೇಳುತ್ತಿದ್ದ. ಯಾರಾದರೂ ಗಡಿಬಿಡಿಯಲ್ಲಿ ಅಂಕಿತ ಬಿಟ್ಟರೆ ಮಾತ್ರ ಸಿಟ್ಟು. "ಅಂಕಿತ ನುಂಗಬ್ಯಾಡ್ರೆಪಾ. ಹೇಳಿದಾಂವನ್ನ ನುಂಗಿದಂಗ ಅದು" ಅನ್ನುತ್ತಿದ್ದ.

ಸೃಷ್ಟಿಗೆ ಎಂಟರ ನಂತರ ಲೆಕ್ಕ ತಪ್ಪುತ್ತಿತ್ತು. ಹ್ಯಾರಿಸನ್ ಮೊದಲೋ, ಟೈಲರ್ ಮೊದಲೋ, ನಡುವೆ ಪೋಕ್ ಎಲ್ಲಿಂದ ಬಂದ? ಒಂದು ಸಂಜೆ ಹುಡುಗಿ ಅಳುವುದೊಂದು ಬಾಕಿ. ನೀಲಮ್ಮ ಕೈಯ ಹಿಟ್ಟು ಉಜ್ಜಿಕೊಂಡು, "ತಡೀ" ಎಂದು ಅಜ್ಜಿಯ ಧಾಟಿಯಲ್ಲಿ ಹೇಳಿದಳು:

ಸತ್ತಾನ ಹ್ಯಾರಿಸನ ತಿಂಗಳೊಪ್ಪತ್ತಿನಾಗ
ಹತ್ತನೆಯ ಟೈಲರ ಏರ್ಯಾನ | ಕುರ್ಚೀಯ
ಒತ್ತಿ ದಬ್ಬಿದರ ಇಳಿಲಿಲ್ಲ

ಸೃಷ್ಟಿ ನಕ್ಕು ನಕ್ಕು ನೆಲಕ್ಕೆ ಬಿದ್ದಳು. ಆಮೇಲೆ ಆ ಮೂರು ಸಾಲು ಅವಳ ಬಾಯಿಂದ ಇಳಿಯಲಿಲ್ಲ.

ಕುರ್ಚಿ ಏರಿದವನ ಕತೆಯನ್ನೂ ಅವಳೇ ಹೇಳಿದಳು. ಟೈಲರ್ ಉಪಾಧ್ಯಕ್ಷನಾಗಿದ್ದ. ಅಧ್ಯಕ್ಷ ಸತ್ತಾಗ ಈತ ಕುರ್ಚಿಗೆ ಬಂದ. ಹಾಗೆ ಹಿಂದೆಂದೂ ಆಗಿರಲಿಲ್ಲ. ದೊಡ್ಡ ಮಂದಿಯೆಲ್ಲ, ನೀನು ಸುಮ್ಮನೆ ಸದ್ಯಕ್ಕೆ ನೋಡಿಕೊಳ್ಳುವವನು, ಹಂಗಾಮಿ ಅಧ್ಯಕ್ಷ, ಅಂದರು. ಆಕಸ್ಮಿಕಪ್ರಭು ಅಂತ ಅಡ್ಡಹೆಸರಿಟ್ಟು ನಕ್ಕರು. ಒಬ್ಬನನ್ನು ಬಿಟ್ಟು ಮಂತ್ರಿಗಳೆಲ್ಲ ರಾಜೀನಾಮೆ ಕೊಟ್ಟರು, ಸ್ವಂತ ಪಕ್ಷವೇ ಹೊರಹಾಕಿತು. ಅವನು ಜಪ್ಪೆನ್ನಲಿಲ್ಲ. 'ಹಂಗಾಮಿ ಅಧ್ಯಕ್ಷರಿಗೆ' ಎಂದು ವಿಳಾಸ ಬರೆದು ಬಂದ ಕಾಗದಗಳನ್ನು ಒಡೆಯದೆ ಹಾಗೇ ತಿರುಗಿ ಕಳಿಸಿದ.

"ಒಡೀದನ?"

"ಯೆಸ್ ಮಮ್ಮಿ. ಅನ್‌ಓಪನ್ಡ್."

"ಒಳಗ ಏನರೆ ಚಲೋ ಸುದ್ದಿ ಇದ್ದಿದ್ರ?"

"ಐ ಡೋಂಟ್ ನೋ. ಬಟ್ ಹೀ ಸೆಂಟ್ ಇಟ್ ಬ್ಯಾಕ್."

ನೀಲಮ್ಮ ಕೇಳಿದಳು: "ಮನಷ್ಯಾ ಒಳ್ಳೆಯಾಂವನೇನು?"

"ನೋ. ಗುಲಾಮರನ್ನ ಇಟ್ಕೊಂಡಿದ್ದ."

"ಶಿವಾ!" ನೀಲಮ್ಮ ಕೊರಳ ಲಿಂಗಕ್ಕೆ ಕೈ ಹಚ್ಚಿದಳು. "ಹಂಗಾರ ಅವನ ಕಡಿಂದ ತೊಗೊಳ್ಳೂದು ಇದೊಂದ ಮಾತು. ಉಳಿದದ್ದು ಅವನ ಹತ್ರಾನ ಇರಲಿ."

ತೊಗೊಂಡದ್ದೇನೋ ಹೌದು. ಆದರೆ ಅದು ಎದೆಯಲ್ಲಿ ರೊಟ್ಟಿಯ ಚೂರು ಸಿಕ್ಕಂತೆ ಸಿಕ್ಕಿಕೊಂಡಿತು. ಯಾಕೆಂದರೆ ನೀಲಮ್ಮನಿಗೂ ಅಂಥ ಲಕೋಟೆ ಬರುತ್ತಿತ್ತು, ಅವಳು ಒಡೆಯುತ್ತಿದ್ದಳು.

ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಒಂದು ದೊಡ್ಡ ಲಾಂಡ್ರಿ ಫ್ಯಾಕ್ಟರಿ. ಹದಿನಾಲ್ಕು ಹೋಟೆಲುಗಳ ಹಾಸು ಹೊದಿಕೆಗಳೆಲ್ಲ ಅಲ್ಲಿಗೆ ಕೊಳೆಯಾಗಿ ಬಂದು ಹಾಲಿನಂತೆ ಹೋಗುತ್ತವೆ. ಹನ್ನೊಂದು ವರ್ಷದ ಹಿಂದೆ ನೀಲಮ್ಮ ಅಲ್ಲಿ ಬಟ್ಟೆ ಮಡಿಸುವ ಮೇಜಿಗೆ ಸೇರಿದಳು. ನೇಕಾರನ ಮಗಳು, ಬಟ್ಟೆ ಮುಟ್ಟಿದರೆ ಅದರ ಜಾತಕ ಹೇಳುವವಳು. ಮೇಜಿನಿಂದ ಸೂಪರ್‌ವೈಸರ್ ಆದಳು. ಎರಡು ವರ್ಷದ ಹಿಂದೆ ಪ್ಲಾಂಟ್ ಮ್ಯಾನೇಜರು ಬಿಟ್ಟು ಹೋದ; ಹೊಸಬ ಬಂದವನು ಐದೇ ವಾರಕ್ಕೆ ದೋಹಾದ ವಿಮಾನ ಹತ್ತಿದ. ("ಹ್ಯಾರಿಸನ್‌ಗಿಂತ ನಾಲ್ಕು ದಿನ ಜಾಸ್ತಿ ಮಮ್ಮಿ!" ಎಂದು ಸೃಷ್ಟಿ ಲೆಕ್ಕ ಹಾಕಿ ಹೇಳಿದ್ದಳು.) ಆಗ ಜನರಲ್ ಮ್ಯಾನೇಜರ್, ನಮ್ಮ ಕರಾವಳಿ ಕಡೆಯವರೇ ಆದ ಮೊರಿಸ್ ಸಾಹೇಬರು ಇವಳನ್ನು ಕರೆದು, "ಸದ್ಯಕ್ಕೆ ನೀವೇ ನೋಡಿಕೊಳ್ಳಿ ನೀಲಮ್ಮ" ಅಂದರು.

ಆ 'ಸದ್ಯಕ್ಕೆ' ಎರಡು ವರ್ಷವಾಯಿತು. ಯಂತ್ರ ಕೆಟ್ಟರೆ ನೀಲಮ್ಮ, ಹೋಟೆಲಿನವರು ಕೂಗಾಡಿದರೆ ನೀಲಮ್ಮ, ನೂರಾ ಇಪ್ಪತ್ತು ಆಳಿನ ರಜೆ, ಜ್ವರ, ಜಗಳ ಎಲ್ಲ ನೀಲಮ್ಮ. ಗಾಡಿ ಹೊರಡುವ ಮುನ್ನ ಕಾಗದದ ಕೆಳಗೆ ಕನ್ನಡದಲ್ಲಿ ದುಂಡಗೆ ಸಹಿ ಹಾಕುತ್ತಿದ್ದಳು. ಆ ಸಹಿ ಇದ್ದ ಮಾಲು ತಿರುಗಿ ಬರುವುದಿಲ್ಲ ಅಂತ ಹೋಟೆಲುಗಳಲ್ಲಿ ಹೆಸರಾಗಿತ್ತು. ಆದರೆ ಸಹಿಯ ಕೆಳಗೆ ಒತ್ತುವ ಮುದ್ರೆ ಮಾತ್ರ 'ಆಕ್ಟಿಂಗ್ ಪ್ಲಾಂಟ್ ಮ್ಯಾನೇಜರ್', ಹಂಗಾಮಿ. ಬಾಗಿಲ ಬಳಿ ದೊಡ್ಡವರ ಫೋಟೋ ಹಾಕಿದ ಗೋಡೆಯಲ್ಲಿ ಪ್ಲಾಂಟ್ ಮ್ಯಾನೇಜರ್ ಎಂದು ಬರೆದ ಚೌಕಟ್ಟು ಎರಡು ವರ್ಷದಿಂದ ಖಾಲಿ. ನೀಲಮ್ಮನ ಫೋಟೋ ಕೆಳಗಿನ ಸಾಲಿನಲ್ಲಿ, ಸೂಪರ್‌ವೈಸರುಗಳ ನಡುವೆ. ಆರಾರು ತಿಂಗಳಿಗೆ ಒಂದು ಬಿಳಿ ಲಕೋಟೆ ಬರುತ್ತಿತ್ತು, ಇನ್ನೂ ಆರು ತಿಂಗಳು ಹಂಗಾಮಿಯಾಗಿ ಮುಂದುವರಿಯಲು ಒಪ್ಪಿ ಸಹಿ ಹಾಕಿ ಎಂದು. ನಾಲ್ಕು ಲಕೋಟೆ ಒಡೆದಿದ್ದಳು, ನಾಲ್ಕಕ್ಕೂ ಸಹಿ ಹಾಕಿದ್ದಳು.

ಐದನೆಯದು ಬರುವ ಹೊತ್ತಾಗಿತ್ತು. ಗುರುವಾರ ಚಹಾದ ಹೊತ್ತಿಗೆ ವೆಲಿಟಾ ಅದನ್ನೇ ಎತ್ತಿದಳು. ಹರಿದ ಬಟ್ಟೆ ಹೊಲಿಯುವ ವಿಭಾಗದ ಮುಖ್ಯಸ್ಥೆ, ಕಾರ್ಕಳದ ಕಡೆಯವಳು. ಸೂಜಿಯಷ್ಟೇ ಚೂಪು ನಾಲಗೆ.

"ಲಕೋಟೆ ರೆಡಿ ಉಂಟಂತೆ ಮಾರಾಯ್ತಿ. ಎಂತ ಮಾಡ್ತಿ ಈ ಸಲ?"

"ಅದು ಬಿಡು. ಇದನ್ನ ಹೇಳು. ಅಮೆರಿಕಾದ ಅಧ್ಯಕ್ಷರ ನಂಬರು ನಲವತ್ತೇಳಕ್ಕ ಬಂದೈತಿ, ಮಂದಿ ಮಾತ್ರ ನಲವತ್ತೈದು. ಹ್ಯಾಂಗ?"

"ಇಬ್ಬರು ಹಾಜರಿ ಹಾಕಿ ಕೆಲಸಕ್ಕೆ ಬರ್ಲಿಲ್ಲ."

"ಅಲ್ಲ. ಇಬ್ಬರು ಎರಡೆರಡು ಸಲ ಬಂದಾರ. ನಡಕ ನಾಕು ವರ್ಷ ಮನೀಗೆ ಹೋಗಿ, ಮತ್ತ ಬಂದಾರ. ಅದಕ ಒಬ್ಬೊಬ್ಬಗ ಎರಡೆರಡು ನಂಬರು."

ವೆಲಿಟಾ ಬಿಸ್ಕತ್ತು ಚಹಾದಲ್ಲಿ ಅದ್ದಿದಳು. "ನೋಡು, ಅವರಿಗೆ ಒಂದು ಕುರ್ಚಿಗೆ ಎರಡು ನಂಬರ್. ನಿನಗೆ ಎರಡು ವರ್ಷ ಕೂತರೂ ಒಂದು ನಂಬರ್ ಇಲ್ಲ. ನೀನು ನನಗೆ ಕ್ವಿಜ್ ಕೇಳುದು ಬಿಟ್ಟು ಆ ಮೊರಿಸ್ ಸರ್‌ಗೆ ಕೇಳು."

ನೀಲಮ್ಮ ನಕ್ಕಳು. ಒಲ್ಲೆ ಅಂದರೆ ಏನಾದೀತು ಅಂತ ಅವಳಿಗೆ ಗೊತ್ತಿತ್ತು. ಒಂದೋ ಮತ್ತೆ ಸೂಪರ್‌ವೈಸರ್, ಇಲ್ಲವೋ ಖಲಾಸ್, ಗೇಟಿನ ಹೊರಗೆ. ಸೃಷ್ಟಿಯ ಶಾಲೆ ನಿಂತಿದ್ದು ಈ ಕೆಲಸದ ಮೇಲೆ. ಸಿದ್ದಪ್ಪನೂ ಹಿಂದಿನ ರಾತ್ರಿ ಊಟಕ್ಕೆ ಕೂತಾಗ ಅದನ್ನೇ ಹೇಳಿದ್ದ: "ಹೆಸರಿನಾಗ ಏನೈತಿ ನೀಲಾ? ಕೆಲಸ ಐತಲ್ಲ. ಸುಮ್ನ ಹಾಕಿ ಬಿಡು ಸಹೀನ."

ಶನಿವಾರ ಬೆಳಗ್ಗೆ ಮೂವರೂ ಅಬುಧಾಬಿಗೆ ಹೊರಟರು. ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ಒಂದು ಶಾಲೆಯ ಸಭಾಂಗಣ; ಹೊರಗೆ ಬಿಸಿಲು ಕಾದ ಹಂಚು, ಒಳಗೆ ಎಸಿಯ ಚಳಿಗೆ ತಾಯಂದಿರೆಲ್ಲ ಸೆರಗು, ದುಪಟ್ಟಾ ಹೊದ್ದು ಕೂತಿದ್ದರು. ಆರು ಶಾಲೆ ಆಟಕ್ಕಿಳಿದವು. ಕೊನೆಯ ಪ್ರಶ್ನೆಗೆ ಬರುವ ಹೊತ್ತಿಗೆ ಸೃಷ್ಟಿಯ ತಂಡ ಎಲ್ಲರಿಗಿಂತ ಮುಂದು, ಎರಡನೆಯವರಿಗಿಂತ ಬರೀ ಐದು ಅಂಕ. ನೀಲಮ್ಮ ಕೊರಳ ಲಿಂಗ ಹಿಡಿದೇ ಕೂತಿದ್ದಳು.

ಕೋಟು ಹಾಕಿದ ಕ್ವಿಜ್‌ಮಾಸ್ಟರು ಕಾರ್ಡು ತೆಗೆದು ಓದಿದರು: "ಸಾವಿರದ ಎಂಟುನೂರ ನಲವತ್ತೊಂದು. ಅಧ್ಯಕ್ಷ ಹ್ಯಾರಿಸನ್ ನಿಧನರಾದಾಗ ಹಂಗಾಮಿ ಅಧ್ಯಕ್ಷರಾದ ಉಪಾಧ್ಯಕ್ಷ ಯಾರು?"

ಸೃಷ್ಟಿಯ ಬಜರು ಕೂಗಿತು. ಸಿದ್ದಪ್ಪ ಹೆಂಡತಿಯ ಮೊಣಕೈ ತಿವಿದ. "ನಿನ್ನ ಪದ ಬಂತು ನೋಡು!"

ಆದರೆ ಎದ್ದು ನಿಂತ ಹುಡುಗಿ ಹೆಸರು ಹೇಳಲಿಲ್ಲ. ಮೈಕಿನಲ್ಲಿ ಅವಳ ಸಣ್ಣ ದನಿ ಬಂತು: "ಸರ್, ಪ್ರಶ್ನೆ ತಪ್ಪಾಗಿದೆ. ಹಂಗಾಮಿ ಅಧ್ಯಕ್ಷ ಯಾರೂ ಆಗಲಿಲ್ಲ."

ಕ್ವಿಜ್‌ಮಾಸ್ಟರು ನಕ್ಕರು. "ಹೆಸರು ಹೇಳಿದರೆ ಸಾಕಮ್ಮ."

"ಹೆಸರು ಗೊತ್ತಿದೆ ಸರ್. ಆದರೆ ಅವನು ಪೂರ್ತಿ ಅಧ್ಯಕ್ಷ ಆದ. ಹಂಗಾಮಿ ಅಂತ ಬಂದ ಪತ್ರ ವಾಪಸ್ ಕಳಿಸಿದ. ಈ ಪ್ರಶ್ನೆಗೆ ಆ ಹೆಸರು ಉತ್ತರ ಅಲ್ಲ."

"ಹತ್ತು ಸೆಕೆಂಡ್ ಇದೆ. ಹೆಸರು?"

ಪಕ್ಕದ ಇಬ್ಬರು ಗೆಳತಿಯರು ಅವಳ ಅಂಗಿ ಜಗ್ಗಿದರು. ಸೃಷ್ಟಿ ತುಟಿ ಬಿಗಿದುಕೊಂಡೇ ನಿಂತಳು. ಗಂಟೆ ಹೊಡೆಯಿತು. ಪ್ರಶ್ನೆ ಎರಡನೇ ಸ್ಥಾನದಲ್ಲಿದ್ದ ಪಕ್ಕದ ಮೇಜಿಗೆ ಹೋಯಿತು. ಅಲ್ಲಿಯ ಹುಡುಗ ಜಾನ್ ಟೈಲರ್ ಎಂದ, ಹತ್ತು ಅಂಕ ಹೊಡೆದ. ತೀರ್ಪುಗಾರರು ತಮ್ಮತಮ್ಮಲ್ಲೇ ಗುಸುಗುಸು ಮಾತಾಡಿ, ಕಾರ್ಡಿನಲ್ಲಿ ಇದ್ದಂತೆಯೇ ಇರಲಿ ಎಂದರು. ಗೆದ್ದವರ ಕಪ್ಪು ಆ ಶಾಲೆಗೆ ಹೋಯಿತು, ಇವರಿಗೆ ಎರಡನೇ ಬಹುಮಾನ.

ತಿರುಗಿ ಬರುವಾಗ ಕಾರು ಸಿದ್ದಪ್ಪನೇ ಓಡಿಸುತ್ತಿದ್ದ. ಅರ್ಧ ದಾರಿಗೆ ಅವನಿಗೆ ತಡೆಯಲಾಗಲಿಲ್ಲ.

"ಹೆಸರು ಅಂದಿದ್ರ ನಾಲಗಿ ಸವೀತಿತ್ತೇನು? ಕಪ್ಪು ಕೈಯಾಗ ಇತ್ತು."

"ಪಪ್ಪಾ, ಅವನೇ ಒಪ್ಪದಿದ್ದನ್ನ ನಾನು ಹೇಗೆ ಒಪ್ಪಲಿ?"

"ಅವನೇನು ನಿನ್ನ ಕಾಕಾನ? ಸತ್ತ ಮನಷ್ಯಾಗ ಯಾವ ಮರ್ಯಾದಿ?"

"ಒತ್ತಿ ದಬ್ಬಿದರ ಇಳಿಲಿಲ್ಲ," ಅಂದಳು ಸೃಷ್ಟಿ ಕಿಟಕಿಯ ಕಡೆ ಮುಖ ಮಾಡಿ. "ಮಮ್ಮೀನೇ ಕಲಿಸಿದ್ದು." ಕಣ್ಣಲ್ಲಿ ನೀರಿತ್ತು, ದನಿಯಲ್ಲಿ ಇರಲಿಲ್ಲ. ಆಮೇಲೆ, ಬೈಯಲಿಕ್ಕಲ್ಲ, ಬರೀ ತಿಳಿಯಲಿಕ್ಕೆ ಕೇಳಿದಳು: "ಮಮ್ಮಿ, ನಿನಗೂ ಹಾಗೇ ಲೆಟರ್ ಬರುತ್ತಲ್ಲ. ನೀನು ಓಪನ್ ಮಾಡ್ತಿ, ಅಲ್ಲಾ?"

ಸಿದ್ದಪ್ಪ ರಸ್ತೆ ನೋಡಿದ. ನೀಲಮ್ಮ ಬಲಗೈಯ ಹೆಬ್ಬೆರಳು ನೋಡಿಕೊಂಡಳು. ಮುದ್ರೆಯ ನೀಲಿ ಮಸಿ ಉಗುರಿನ ಸಂದಿಯಲ್ಲಿ ಕೂತು, ಎಷ್ಟು ತೊಳೆದರೂ ಹೋಗದೆ ಅಲ್ಲೇ ಇತ್ತು. ಹೋಟೆಲುಗಳ ಸಾವಿರಾರು ಚಾದರಗಳ ಕಲೆ ತೆಗೆದ ಕೈ ಅದು.

"ಹೌದವ್ವ," ಅಂದಳು. "ಒಡೀತಿದ್ದೆ."

ಸೋಮವಾರ ಬೆಳಗ್ಗೆ ಪೂಜೆಗೆ ಕೂತಾಗ ಅಪ್ಪನ ಮಗ್ಗದ ವಚನವೊಂದು ತಾನಾಗಿ ನಾಲಗೆಗೆ ಬಂತು. ಅಂಕಿತದ ಹತ್ತಿರ ಬಂದಾಗ ನಿಂತಳು; ಕೈ ಎದೆಗಿಟ್ಟು, ಅವಸರ ಮಾಡದೆ, ಆ ಹೆಸರನ್ನು ಪೂರ್ತಿ ಹೇಳಿದಳು. ಎದ್ದು ಬಂದು ಸಿದ್ದಪ್ಪನ ಡಬ್ಬಿ ಕಟ್ಟುತ್ತ ಹೇಳಿದಳು: "ರೀ, ಇವತ್ತ ನಾ ಸಹಿ ಹಾಕೂದಿಲ್ಲ. ಮುಂದ ಏನಾಗ್ತೈತೋ ಆಗಲಿ."

ಸಿದ್ದಪ್ಪ ಡಬ್ಬಿ ತೊಗೊಂಡು ಬಾಗಿಲಲ್ಲಿ ಒಂದು ನಿಮಿಷ ನಿಂತ. "ಮಗಳು ಕಪ್ಪು ಬಿಟ್ಟಳು," ಅಂದ. "ನೀ ಕುರ್ಚಿ ಬಿಡ್ತಿ. ನಾ ಒಬ್ಬಾಂವ ಮನ್ಯಾಗ ಶಾಣ್ಯಾ ಇದ್ದೇನಿ ಅಂತಾತು." ಆದರೆ ಬೇಡ ಅನ್ನಲಿಲ್ಲ.

ಹತ್ತೂವರೆಗೆ ಮೊರಿಸ್ ಸಾಹೇಬರ ಕರೆ ಬಂತು. ಕೆಟ್ಟ ಮನುಷ್ಯರಲ್ಲ ಅವರು. ಈಸ್ಟರಿಗೆ ಕೇಕು ಹಂಚುವವರು, ಯಾರಿಗಾದರೂ ಊರಲ್ಲಿ ಸಾವಾದರೆ ಟಿಕೆಟಿಗೆ ಓಡಾಡುವವರು. ಆದರೆ ಕಠಿಣ ಮಾತನ್ನು ನಾಳೆಗೆ ತಳ್ಳುವುದು ಅವರ ಚಾಳಿ. ಆ ನಾಳೆಗಳೇ ಕೂಡಿ ಎರಡು ವರ್ಷವಾಗಿದ್ದವು. ಮೇಜಿನ ಮೇಲೆ ಬಿಳಿ ಲಕೋಟೆ ಇತ್ತು.

"ಬನ್ನಿ ನೀಲಮ್ಮ, ಕೂತ್ಕೊಳ್ಳಿ. ಚಾ ಹೇಳ್ತೇನೆ. ಮಗಳ ಕ್ವಿಜ್ ಎಂತಾಯ್ತು?"

"ಎರಡನೇದು ಬಂತ್ರಿ ಸರ್."

"ಒಳ್ಳೇದೇ ಆಯ್ತಲ್ಲ! ಹಾಂ, ಇದೊಂದು ಸಣ್ಣ ಕೆಲಸ. ಹನ್ನೊಂದು ಗಂಟೆಗೆ ಹೋಟೆಲಿನ ಆಡಿಟ್‌ನವರು ಬರ್ತಾರೆ. ಪ್ಲಾಂಟಿಗೆ ಯಾರು ಜವಾಬ್ದಾರಿ ಅಂತ ಕಾಗದ ಕೇಳ್ತಾರೆ. ನೀವು ಇದನ್ನು ಒಡೆದು ಒಂದು ಸೈನ್ ಹಾಕಿ ಕೊಟ್ಟರೆ ಮುಗೀತು. ಯಲ್ಲಾ, ಬೇಗ ಬೇಗ."

ನೀಲಮ್ಮ ಲಕೋಟೆ ಕೈಗೆ ತೊಗೊಂಡಳು. ಹೊರಗಡೆ ಅವಳ ಹೆಸರು, ಹೆಸರಿನ ಕೆಳಗೆ ಅದೇ ಮಾತು: ಆಕ್ಟಿಂಗ್ ಪ್ಲಾಂಟ್ ಮ್ಯಾನೇಜರ್. ಎರಡು ಸಲ ಓದಿದಳು. ಲಕೋಟೆಯನ್ನು ಮೇಜಿನ ಮೇಲೆ ಅವರ ಕಡೆಗೆ ಸರಿಸಿದಳು. ಕೈಚೀಲದಿಂದ ರಬ್ಬರಿನ ಮುದ್ರೆ ತೆಗೆದು ಅದರ ಮೇಲಿಟ್ಟಳು, ಕಾಗದ ಹಾರದಂತೆ ಕಲ್ಲಿಟ್ಟ ಹಾಗೆ.

"ಇದು ಎಂತದು?"

"ಇದು ನನ್ನ ವಿಳಾಸ ಅಲ್ರಿ ಸರ್. ಹಂಗಾಮಿ ಅನ್ನಾಕಿ ಇಲ್ಲಿ ಯಾರೂ ಇಲ್ಲ."

ಸಾಹೇಬರು ಮೊದಲು ನಕ್ಕರು, ನಂತರ ಅವಳ ಮುಖ ನೋಡಿ ನಿಲ್ಲಿಸಿದರು. "ನೀವು ಹೀಗೆ ಹೇಳಿದರೆ ಹೇಗೆ ಮಾರಾಯ್ರೆ? ಎರಡು ವರ್ಷ ಚಂದ ನಡೀತಾ ಬಂದಿದೆ."

"ಚಂದ ನಡದದ್ದು ಹೌದ್ರಿ. ನಡಸಿದಾಕಿ ನಾ. ಗ್ವಾಡಿಮ್ಯಾಲಿನ ಚೌಕಟ್ಟು ಮಾತ್ರ ಖಾಲಿ ಐತಿ. ಬಂದವರು ಇಲ್ಲಿ ಯಾರೂ ಇಲ್ಲೇನ್ರಿ ಅಂತ ನನ್ನ ಮುಂದ ನಿಂತು ನನ್ನನ್ನೇ ಕೇಳ್ತಾರ."

"ಅದು ಮೇಲಿನವರ ವಿಷಯ. ನನ್ನ ಕೈಯಲ್ಲಿ ಉಂಟಾ?"

"ನಿಮ್ಮ ಕೈಯಾಗ ಇಲ್ದಿದ್ರ ಬಿಡ್ರಿ. ನನ್ನ ಸಹಿ ನನ್ನ ಕೈಯಾಗ ಐತಲ್ರಿ." ಅವಳ ದನಿ ಏರಲಿಲ್ಲ, ವಚನ ಹೇಳುವಾಗಿನ ದನಿಯೇ ಅದು, ಸಮ, ನಿಧಾನ. "ಒಂದ ಮಾತು ಸರ್. ಪ್ಲಾಂಟ್ ಮ್ಯಾನೇಜರ್ ಅಂತ ಬರೀರಿ, ಈಗ ಇಲ್ಲೇ ಹಾಕ್ತೀನಿ. ಆಗೂದಿಲ್ಲಾ, ನಾ ಸೂಪರ್‌ವೈಸರ್. ಸೂಪರ್‌ವೈಸರ್ ಕೆಲಸ ಕೂದಲಷ್ಟೂ ಕಡಿಮಿ ಆಗದಂಗ ಮಾಡ್ತೀನಿ. ಹನ್ನೊಂದಕ್ಕ ಬಂದವರಿಗೆ ಮ್ಯಾನೇಜರ್ ಸಹಿ ಬೇಕಂದ್ರ, ಮ್ಯಾನೇಜರ್ ಹಾಕಲಿ."

"ಮ್ಯಾನೇಜರ್ ಯಾರು ಈಗ?"

"ಅದನ್ನ ಎರಡು ವರ್ಷದಿಂದ ನನ್ನಷ್ಟಕ್ಕ ನಾ ಕೇಳ್ಕೋಳಾಕತ್ತೀನ್ರಿ."

ಗೋಡೆಯ ಗಡಿಯಾರ ಹನ್ನೊಂದಕ್ಕೆ ಹತ್ತು ನಿಮಿಷ ಕಡಿಮೆ ತೋರಿಸುತ್ತಿತ್ತು. ಕೆಳಗೆ ಚಾದರ ಒತ್ತುವ ದೊಡ್ಡ ಯಂತ್ರ ಉಸಿರುಬಿಡುವ ಸದ್ದು. ಮೊರಿಸ್ ಸಾಹೇಬರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿದರು.

"ಕೆಲಸಕ್ಕೇ ಸಂಚಕಾರ ಬಂದರೆ ನನ್ನಿಂದ ತಡೆಯಲಿಕ್ಕೆ ಆಗುದಿಲ್ಲ, ನೀಲಮ್ಮ. ಇದು ಬೆದರಿಕೆ ಅಲ್ಲ. ಮಗಳ ಶಾಲೆ ಉಂಟು ನಿಮಗೆ."

"ಮಗಳ ಶಾಲೆ ಐತಿ ಅಂತನ ಹೇಳಾಕತ್ತೀನ್ರಿ," ಅಂದಳು ನೀಲಮ್ಮ. "ಮೊನ್ನೆ ಶನಿವಾರ ಆಕಿ ಹ್ಯಾಂಗ ನಿಂತಳು ಅನ್ನೂದನ್ನ ನಾ ಕೂತು ನೋಡೀನಿ."

ಅವರಿಗೆ ಇದು ಅರ್ಥವಾಗಲಿಲ್ಲ. ಕೆಳಗೆ ಗೇಟಿನಲ್ಲಿ ಕಾರು ನಿಂತ ಸದ್ದಾಯಿತು. ಅವರು ಮುದ್ರೆ ಪಕ್ಕಕ್ಕಿಟ್ಟು, ಲಕೋಟೆಯನ್ನು ಎರಡೂ ಕೈಯಲ್ಲಿ ಹಿಡಿದು ಅವಳ ಕಡೆ ಚಾಚಿದರು, ಪ್ರಸಾದ ಕೊಡುವವರ ಹಾಗೆ.

"ಸೈನ್ ಬೇಡ, ಆಯ್ತಾ? ಒಡೆದು ಒಳಗೆ ಎಂತ ಉಂಟು ಅಂತ ಆದರೂ ನೋಡಿ ಮಾರಾಯ್ರೆ. ಈ ಸಲ ಬೇರೆ ಎಂತದಾದರೂ ಬರೆದಿರಬಹುದಲ್ಲ? ಅದೊಂದು ಮಾಡಿ. ನನಗೋಸ್ಕರ."

ನೀಲಮ್ಮ ಎದ್ದು ನಿಂತು ಸೆರಗು ಸರಿಮಾಡಿಕೊಂಡಳು.

"ಒಡಿಯಂಗಿಲ್ರಿ, ಸರ್."